ಶ್ರಾವಣ ಸೋಮವಾರದ ಶಿಬಿರ

ನಮ್ಮ ಯುವ ಬಳಗದಲ್ಲಿ ಒಂದು ಪದ್ಧತಿ ಇದೆ. ಸಭೆಯಲ್ಲಿ ಯಾರು ಬಾಯಿ ಬಿಟ್ಟು ಸಲಹೆ ಕೊಡುತ್ತಾರೋ, ಆ ಕೆಲಸದ ಸಮಿತಿಗೆ ಅವರೇ ಸಂಚಾಲಕರು. ಯಾವ ಪುಣ್ಯಾತ್ಮ ಶುರು ಮಾಡಿದನೋ ಗೊತ್ತಿಲ್ಲ, ಸಭೆಗಳಂತೂ ಇದರಿಂದ ಬೇಗ ಮುಗಿಯುತ್ತವೆ. ಎಲ್ಲರೂ ಮಂಡಕ್ಕಿ ತಿಂದು, ಟೀ ಕುಡಿದು, ನೆಲ ನೋಡುತ್ತಾ ಕೂತಿರುತ್ತಾರೆ. ಹೊಸಬಳಾಗಿದ್ದ ನನಗೆ ಈ ವಿಷಯ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆ ಅಂತ ನನಗೆ ಅನ್ನಿಸುತ್ತದೆ, ನನ್ನ ಗಂಡ ಮಾತ್ರ ಇದನ್ನು ಒಪ್ಪುವುದಿಲ್ಲ.

ನನ್ನ ತವರು ಶಿಕಾರಿಪುರ. ಅಲ್ಲಿ ಅಪ್ಪನದು ಬಟ್ಟೆ ಅಂಗಡಿ. ನನ್ನನ್ನು ಕೊಟ್ಟಿದ್ದು ಸೊರಬ ತಾಲೂಕಿಗೆ, ಆನವಟ್ಟಿಯಿಂದ ಜಡೆ ಕಡೆ ಹೋಗುವ ರಸ್ತೆಯಲ್ಲಿರುವ ಒಂದು ಹಳ್ಳಿಗೆ. ಎರಡೂ ಪಕ್ಕದ ತಾಲೂಕುಗಳೇ, ಬೆಳಗ್ಗೆ ಬಸ್ಸು ಹತ್ತಿ ಹೋದರೆ ಸಂಜೆಗೆ ತಿರುಗಿ ಬರಬಹುದು. ಆದರೂ ಹೊಸತರಲ್ಲಿ ನಾನು 'ಐತಿ' ಅಂದರೆ ಇಲ್ಲಿಯ ಹುಡುಗಿಯರು ಕಿಸಕ್ಕನೆ ನಗೋರು, ಅವರು ಮಾತಿಗೊಮ್ಮೆ 'ಮಾರಾಯ್ತಿ' ಅಂದರೆ ನಾನು ನಗುತ್ತಿದ್ದೆ. ನಮ್ಮ ಬಳಗಕ್ಕೆ ಎರಡು ತಾಲೂಕಿನಲ್ಲೂ ಶಾಖೆ ಇದೆ. ಮದುವೆಗೆ ಮುಂಚೆ ಶಿಕಾರಿಪುರದ ಶಾಖೆಯಲ್ಲಿ ಪ್ರಾರ್ಥನೆ ಹಾಡುವವರ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದೆ. ನನ್ನ ಸಾಧನೆ ಅಷ್ಟೇ.

ಮಗಳಿಗೆ ಹತ್ತು ತಿಂಗಳು ತುಂಬಿದ ಮೇಲೆ ಆನವಟ್ಟಿ ಶಾಖೆಯ ಸಭೆಗೆ ಮೊದಲ ಸಲ ಹೋದೆ. ಮನೆಯಲ್ಲೇ ಕೂತು ಕೂತು ತಲೆ ಚಿಟ್ಟು ಹಿಡಿದಿತ್ತು. ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಸೀರೆ ನೆರಿಗೆ ಸರಿ ಮಾಡಿಕೊಂಡು, ದೊಡ್ಡ ಕೆಲಸಕ್ಕೆ ಹೊರಟವಳ ಹಾಗೆ ಬಸ್ಸು ಹತ್ತಿದ್ದೆ. ಸಭೆಯಲ್ಲಿ ನೋಡಿದರೆ ವಾಲಿಬಾಲ್ ಪಂದ್ಯಾವಳಿಯ ಮಾತು. ಹೋದ ವರ್ಷವೂ ಅದೇ ಅಂತೆ, ಅದರ ಹಿಂದಿನ ವರ್ಷವೂ ಅದೇ ಅಂತೆ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಇನ್ನೆಷ್ಟು ವರ್ಷ ಆ ಚೆಂಡು ಬಡಿಯುತ್ತೀರಿ, ನಮ್ಮ ಶಿಕಾರಿಪುರದಲ್ಲಿ ವರ್ಷ ವರ್ಷ ರಕ್ತದಾನ ಶಿಬಿರ ಮಾಡುತ್ತಾರೆ, ಇಲ್ಲಿ ಯಾಕೆ ಮಾಡಬಾರದು ಅಂತ ಕೇಳಿಬಿಟ್ಟೆ. ಅಧ್ಯಕ್ಷರು ಗೊಬ್ಬರದ ಅಂಗಡಿಯವರು, ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವರು, ಬಹಳ ಸಮಾಧಾನಿ. ಪೆನ್ನಿನ ಮುಚ್ಚಳ ತೆಗೆದು ನನ್ನ ಹೆಸರು ಬರೆದುಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನ್ನ ಮಾತು ಚೆನ್ನಾಗಿತ್ತು ಅಂತ ಹೊಡೆದದ್ದು ಅಂದುಕೊಂಡು ಮನೆಗೆ ಬಂದೆ. ರಕ್ತದಾನ ಸಮಿತಿಯ ಸಂಚಾಲಕಿ ನಾನೇ ಅಂತ ತಿಳಿದದ್ದು ಮಾರನೇ ದಿನ ಫೋನಿನಲ್ಲಿ.

ಶಿಕಾರಿಪುರದ ಜಂಬ ಕೊಚ್ಚಲಿಕ್ಕೆ ಆಡಿದ ಮಾತು ಅಂತ ಕೆಲವರು ಇನ್ನೂ ತಮಾಷೆ ಮಾಡುತ್ತಾರೆ. ಜಂಬವೂ ಇತ್ತು, ಸುಳ್ಳು ಹೇಳಲಾರೆ. ಆದರೆ ಬೇರೆ ಕಾರಣವೂ ಇತ್ತು. ಮಗಳ ಹೆರಿಗೆಯಲ್ಲಿ ನನಗೆ ರಕ್ತ ನಿಲ್ಲದೆ ಶಿವಮೊಗ್ಗಕ್ಕೆ ಹೊತ್ತುಕೊಂಡು ಹೋಗಿದ್ದರು. ಮೂರು ಬಾಟಲಿ ರಕ್ತ ಬೇಕಾಗಿತ್ತು. ನನಗೆ ಎಚ್ಚರವಿರಲಿಲ್ಲ. ಗಂಡ ಹೇಳಿದ್ದಷ್ಟೇ ಗೊತ್ತು. ಅವರು ಔಷಧಿಗೆ, ಕಾಗದಕ್ಕೆ ಅಂತ ಮೇಲೆ ಕೆಳಗೆ ಓಡುತ್ತಿದ್ದಾಗ, ನಮ್ಮ ಅತ್ತೆ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ಹೋಗಿ ಬರುವವರಿಗೆಲ್ಲ ಕೈ ಮುಗಿಯುತ್ತಿದ್ದರಂತೆ. ನೋಡಲು ಬಂದಿದ್ದ ನೆಂಟರಿಗೆ ಅದೇ ಹೊತ್ತಿಗೆ ಹಾಲು ಕರೆಯುವುದು ನೆನಪಾಗಿ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರಂತೆ. ಕೊನೆಗೆ ಗುರುತು ಪರಿಚಯ ಇಲ್ಲದ ಇಬ್ಬರು ಕಾಲೇಜು ಹುಡುಗರು ಕೊಟ್ಟರು, ಮೂರನೆಯದು ರಕ್ತನಿಧಿಯಲ್ಲಿ ಸಿಕ್ಕಿತು. ಅತ್ತೆ ಮಾತ್ರ ಇದರ ಬಗ್ಗೆ ಒಂದು ದಿನವೂ ಒಂದು ಮಾತೂ ಆಡಿದವರಲ್ಲ. ಬೈಯುವುದಿದ್ದರೆ ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಬೈಯುತ್ತಾರೆ, ಅಲ್ಲಿಗೆ ಮುಗಿಯಿತು.

ನಮ್ಮ ಆನವಟ್ಟಿ ಕಡೆಯ ಇನ್ನೊಬ್ಬ ಹೆಂಗಸು ಹಾಗೆ ಪಡಸಾಲೆಯಲ್ಲಿ ಕೈ ಮುಗಿದು ನಿಲ್ಲಬಾರದು ಅಂತ ನನಗೆ ಮನಸ್ಸಿನಲ್ಲಿತ್ತು. ಶಿವಮೊಗ್ಗದ ರಕ್ತನಿಧಿಯ ಡಾಕ್ಟರಿಗೆ ಫೋನು ಮಾಡಿದೆ. ಅವರೂ ಹೆಂಗಸೇ, ಮಾತು ಖಡಕ್ಕು. ಒಂದು ಸಲ ಬರುತ್ತೇವೆ, ಇಪ್ಪತ್ತೈದು ಬಾಟಲಿ ಆದರೆ ನಿಮ್ಮೂರನ್ನು ವರ್ಷದ ಪಟ್ಟಿಗೆ ಸೇರಿಸುತ್ತೇವೆ, ಆಗದಿದ್ದರೆ ಗಾಡಿಯನ್ನು ಅಷ್ಟು ದೂರ ಮತ್ತೆ ತರಲಿಕ್ಕೆ ಮೇಲಿನವರು ಒಪ್ಪುವುದಿಲ್ಲ, ಕೊಡುವವರು ಶಿಕಾರಿಪುರದ ಶಿಬಿರಕ್ಕೆ ಬಂದು ಕೊಡಲಿ ಅಂದರು. ಇಪ್ಪತ್ತೈದು ಯಾಕೆ ಮೇಡಂ, ಮೂವತ್ತು ಮಾಡಿಸುತ್ತೇನೆ ಅಂದೆ. ಅಂದ ಮೇಲೆ ಯೋಚನೆ ಹತ್ತಿತು. ಯಾಕೆಂದರೆ ಆ ಮೂವತ್ತರಲ್ಲಿ ನಾನೇ ಇರುವ ಹಾಗಿರಲಿಲ್ಲ. ಹಾಲುಣಿಸುವವರು ಕೊಡಬಾರದು, ವರ್ಷದೊಳಗೆ ರಕ್ತ ಹಾಕಿಸಿಕೊಂಡವರೂ ಕೊಡಬಾರದು. ನಾನು ಎರಡೂ ಆಗಿದ್ದೆ.

ಸಂಚಾಲಕಿಯಾಗಿ ನಾನು ಮಾಡಿದ ಮೊದಲ ಕೆಲಸ ಸಭೆ ಕರೆದದ್ದು. ಸಂಜೆ ಐದೂವರೆಗೆ ಕರೆದೆ. ಸಮಿತಿಯಲ್ಲಿ ನನ್ನ ಬಿಟ್ಟು ಐದು ಜನ, ಐದೂ ಜನರ ಮನೆಯಲ್ಲಿ ದನ ಇವೆ, ಐದೂವರೆ ಹಾಲು ಕರೆಯುವ ಹೊತ್ತು. ಪೇಟೆಯವಳಾದ ನನಗೆ ಅದು ಹೊಳೆಯಲಿಲ್ಲ. ಖಾಲಿ ಕುರ್ಚಿಗಳ ಮುಂದೆ ಮುಕ್ಕಾಲು ಗಂಟೆ ಕೂತು, ಸಿಟ್ಟು ನೆತ್ತಿಗೇರಿ, ವಾಟ್ಸಾಪ್ ಗುಂಪಿನಲ್ಲಿ ಬಾಯಿಗೆ ಬಂದ ಹಾಗೆ ಬೈದು ಹಾಕಿದೆ. ಇಬ್ಬರು ಗುಂಪು ಬಿಟ್ಟು ಹೋದರು. ಮಾರನೇ ದಿನ ಅಧ್ಯಕ್ಷರು ನಮ್ಮ ಮನೆಯ ಕಡೆ ಗೊಬ್ಬರ ಇಳಿಸಲು ಬಂದವರು ಜಗಲಿಯಲ್ಲಿ ಕೂತು, ಅತ್ತೆ ಕೊಟ್ಟ ಕಾಫಿ ಪೂರ್ತಿ ಕುಡಿದು, ಹೊರಡುವಾಗ ಹೇಳಿದರು. ಇಲ್ಲಿ ಫೋನಿನಲ್ಲಿ ಕರೆದರೆ ಯಾರೂ ಬರುವುದಿಲ್ಲವಂತೆ, ಮನೆಗೆ ಹೋಗಿ ಕರೆದರೆ ಬಾರದೆ ಇರುವುದಿಲ್ಲವಂತೆ. ಗುಂಪು ಬಿಟ್ಟವರ ಮನೆಗೇ ಮೊದಲು ಹೋಗ್ರಿ ಅಂದರು.

ಹೋದೆ. ಮುಖ ಉಬ್ಬಿಸಿಕೊಂಡೇ ಹೋದೆ. ಆ ಇಬ್ಬರಲ್ಲಿ ಒಬ್ಬಳು ಟೇಲರ್ ಕೆಲಸ ಮಾಡುವ ಹುಡುಗಿ. ಮಿಷನ್ ನಿಲ್ಲಿಸದೆ, ನೀವು ಬೈದಿದ್ದಕ್ಕೆ ಬೇಜಾರಿಲ್ಲ ಅಕ್ಕ, ಬೈದ ಮೇಲೆ ಒಂದು ಫೋನು ಮಾಡಲಿಲ್ಲವಲ್ಲ ಅದಕ್ಕೆ ಬೇಜಾರು ಅಂದಳು. ನನಗೆ ನಾಚಿಕೆಯಾಯಿತು. ಅವಳೇ ಆಮೇಲೆ ನನ್ನ ಬಲಗೈ ಆದದ್ದು. ಆದರೆ ಕೆಲಸ ಹಂಚುವ ಬುದ್ಧಿ ನನಗೆ ಅಷ್ಟು ಬೇಗ ಬರಲಿಲ್ಲ. ನೋಟ್ ಬುಕ್ಕಿನಲ್ಲಿ ಗೆರೆ ಹೊಡೆದು, ಸಮುದಾಯ ಭವನದ ಕೀಲಿ ಇವರಿಗೆ, ಬ್ಯಾನರು ಅವರಿಗೆ, ಕುರ್ಚಿ ಇನ್ನೊಬ್ಬರಿಗೆ ಅಂತ ಬರೆಯುವುದು, ಎರಡು ದಿನ ತಡೆದು ಅವರ ಕೈಯಿಂದ ಕಿತ್ತುಕೊಂಡು ನಾನೇ ಮಾಡುವುದು. ಅತ್ತೆ ಅಕ್ಕಿ ಆರಿಸುತ್ತಾ ಇದನ್ನೆಲ್ಲ ನೋಡುತ್ತಿದ್ದರು. ಎಲ್ಲಾ ನೀನೇ ಮಾಡೋದಾದ್ರೆ ಆ ಐದು ಜನ ಯಾಕೆ ಮಾರಾಯ್ತಿ, ಫೋಟೋಕ್ಕಾ ಅಂದರು ಒಂದು ದಿನ.

ಮನೆ ಮನೆ ತಿರುಗುವ ಕೆಲಸ ಮಾತ್ರ ನನಗೆ ಬಹಳ ಹಿಡಿಸಿತು. ಪ್ರತಿ ಮನೆಯಲ್ಲೂ ಟೀ. ಬೇಡ ಅಂದರೆ ಕೋಪ. ಒಂದೊಂದು ಮನೆಯಲ್ಲಿ ಒಂದೊಂದು ಭಯ. ರಕ್ತ ಕೊಟ್ಟರೆ ಹೊಲದಲ್ಲಿ ಕೆಲಸ ಮಾಡಲು ತ್ರಾಣ ಉಳಿಯುವುದಿಲ್ಲ ಅನ್ನುವವರು, ಮದುವೆಯಾಗದ ಮಗ ಕೊಡಬಾರದು ಅನ್ನುವವರು, ಕುಸ್ತಿ ಆಡುವ ಆಳೊಬ್ಬ ಸೂಜಿ ಅಂದ ಕೂಡಲೇ ಹಿತ್ತಲಿಗೆ ಹೋದವನು ನಾನು ಹೊರಡುವ ತನಕ ಒಳಗೆ ಬರಲಿಲ್ಲ. ಕುರಿ ಸಾಕುವ ಒಬ್ಬ ಅಜ್ಜ, ಊರಿಗೆಲ್ಲ ಕೊಡಿ ಅಂತ ಹೇಳ್ತೀಯಲ್ಲ, ನೀನೆಷ್ಟು ಕೊಡ್ತಿ ಅಂತ ಕೇಳಿದ. ಮಾರನೇ ದಿನದಿಂದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗತೊಡಗಿದೆ. ಇವಳಿಗೆ ತಾಯಿ ಉಳಿದಿದ್ದು ಯಾರೋ ಇಬ್ಬರು ಹುಡುಗರು ಕೊಟ್ಟಿದ್ದಕ್ಕೆ, ಅವರ ಮುಖ ಕೂಡ ನಾನು ನೋಡಿಲ್ಲ ಅಂತ ಹೇಳುತ್ತಿದ್ದೆ. ಮಗಳು ಅಷ್ಟರಲ್ಲಿ ಅವರ ಮನೆಯ ಚಮಚ ಬಾಯಿಗೆ ಹಾಕಿಕೊಂಡಿರುತ್ತಿದ್ದಳು. ಬರುತ್ತೇವೆ ಅಂದವರ ಹೆಸರು ನಲವತ್ತು ದಾಟಿತು. ಕುರಿ ಅಜ್ಜನೂ ಇಬ್ಬರು ಮಕ್ಕಳ ಹೆಸರು ಬರೆಸಿದ.

ಇನ್ನು ದಿನದ ಮಾತು. ರಕ್ತನಿಧಿಯವರು ಎರಡು ದಿನ ಕೊಟ್ಟಿದ್ದರು, ಶ್ರಾವಣದ ಒಂದು ಸೋಮವಾರ, ಇಲ್ಲವೇ ಅದೇ ವಾರದ ಗುರುವಾರ. ನಾನು ಸೋಮವಾರ ಅಂದೆ. ನನ್ನ ಲೆಕ್ಕ ಹೀಗಿತ್ತು. ಜೋಳದ ಹೊಲದಲ್ಲಿ ಕುಂಟೆ ಹೊಡೆಯುವ ಕಾಲ, ಗಂಡಸರೆಲ್ಲ ಬೆಳಗಾದರೆ ಹೊಲದಲ್ಲಿರುತ್ತಾರೆ. ಆದರೆ ಸೋಮವಾರ ನಮ್ಮ ಕಡೆ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಸವಣ್ಣನ ವಾರ, ಎತ್ತಿಗೆ ಬಿಡುವು, ಎತ್ತಿಗೆ ಬಿಡುವಾದರೆ ಆಳಿಗೂ ಬಿಡುವು. ಒಳ್ಳೆಯ ಕೆಲಸಕ್ಕೆ ಶಿವನ ವಾರವೇ ಲೇಸು ಅಂತ ಬೇರೆ. ಎಷ್ಟು ಜಾಣೆ ನಾನು ಅಂತ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಸಮಿತಿಯವರೂ ಅಧ್ಯಕ್ಷರೂ ಒಬ್ಬರೂ ಬೇಡ ಅನ್ನಲಿಲ್ಲ.

ಶ್ರಾವಣ ಸೋಮವಾರ ಅಂದರೆ ನಮ್ಮಲ್ಲಿ ಹೆಚ್ಚುಕಡಿಮೆ ಊರೇ ಒಪ್ಪೊತ್ತು ಇರುತ್ತದೆ. ಹಗಲೆಲ್ಲ ಹೊಟ್ಟೆಗೆ ಏನೂ ಇಲ್ಲ, ಸಂಜೆ ಲಿಂಗಪೂಜೆ ಆದ ಮೇಲೆ ಒಂದೇ ಊಟ. ಇದು ನನಗೆ ಹೇಗೆ ಮರೆಯಿತು ಅಂತ ನೀವು ಕೇಳಬಹುದು, ಎಲ್ಲರೂ ಕೇಳಿದರು. ಹೆರಿಗೆ ಆದಾಗಿನಿಂದ ಅತ್ತೆ ನನಗೆ ಉಪವಾಸ ಮಾಡಲು ಬಿಟ್ಟಿರಲಿಲ್ಲ. ಹಾಲುಣಿಸುವವಳು ಹೊಟ್ಟೆ ಖಾಲಿ ಬಿಡಬಾರದು ಅಂತ ಸೋಮವಾರವೂ ಬೆಳಗ್ಗೆ ಎಂಟಕ್ಕೇ ರೊಟ್ಟಿ ತಟ್ಟಿ ನನ್ನ ಮುಂದೆ ಇಡುತ್ತಿದ್ದರು. ತಾವು ಮಾತ್ರ ನನ್ನ ಹೆರಿಗೆಯ ನಂತರ ವ್ರತದಲ್ಲಿ ಮೊದಲಿಗಿಂತ ಬಿಗಿಯಾಗಿದ್ದರು. ಮುಂಚೆ ಬರೀ ಶ್ರಾವಣದಲ್ಲಿ ಒಪ್ಪೊತ್ತು, ಅದೂ ನಡುವೆ ಎರಡು ಸಲ ಕಾಫಿ, ಬಾಳೆಹಣ್ಣು. ಈಗ ವರ್ಷದ ಎಲ್ಲ ಸೋಮವಾರ, ಕಾಫಿಯೂ ಇಲ್ಲ. ವಯಸ್ಸಾದ ಹಾಗೆ ಭಕ್ತಿ ಹೆಚ್ಚುತ್ತದೇನೋ ಅಂದುಕೊಂಡು ನಾನು ರೊಟ್ಟಿ ತಿನ್ನುತ್ತಿದ್ದೆ. ಹೀಗಾಗಿ ನನ್ನ ತಲೆಯಲ್ಲಿ ಸೋಮವಾರ ಅಂದರೆ ರೊಟ್ಟಿ ಅಂತಲೇ ಆಗಿಹೋಗಿತ್ತು.

ರಕ್ತನಿಧಿಯವರು ಸೂಚನೆಗಳ ಒಂದು ಹಾಳೆಯನ್ನೂ ಕಳಿಸಿದ್ದರು. ಕೊಡುವವರು ಚೆನ್ನಾಗಿ ತಿಂದು ಬರಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಇತ್ತು. ಓದಿದೆ, ನಕ್ಕೆ. ನಮ್ಮ ಕಡೆ ತಿಂಡಿ ತಿನ್ನದೆ ಯಾರು ಮನೆ ಬಿಡುತ್ತಾರೆ, ಇದನ್ನೂ ಹೇಳಬೇಕಾ ಅಂದುಕೊಂಡು ಹಾಳೆಯನ್ನು ಫೈಲಿನಲ್ಲಿ ಇಟ್ಟೆ.

ಆ ದಿನ ಬೆಳಗ್ಗೆ ಒಂಬತ್ತಕ್ಕೇ ಆನವಟ್ಟಿಯ ಸಮುದಾಯ ಭವನದ ಮುಂದೆ ಬೈಕುಗಳು ಸಾಲಾಗಿ ನಿಂತವು. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ, ಎಣ್ಣೆ ಹಾಕಿ ಬಾಚಿದ ತಲೆ. ಮದುವೆಗೆ ಬಂದ ಹಾಗೆ ಬಂದಿದ್ದರು. ನನ್ನ ಎದೆ ತುಂಬಿ ಬಂತು. ಡಾಕ್ಟರು ಮೇಜಿನ ಮುಂದೆ ಕೂತು ಮೊದಲನೆಯವರನ್ನು ಕರೆದು, ಬೆಳಗ್ಗೆ ಏನು ತಿಂದಿರಿ ಅಂತ ಕೇಳಿದರು. ಏನಿಲ್ರಿ, ಸೋಮವಾರ ಅಂದರು ಅವರು. ಎರಡನೆಯವರೂ ಅದೇ ಅಂದರು. ಮೂರನೆಯವರು ನೀರೂ ಕುಡಿದಿಲ್ಲ ಅಂತ ಹೆಮ್ಮೆಯಿಂದ ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟು ಇಡೀ ಸಾಲನ್ನು ಒಂದು ಸಲ ನೋಡಿ, ಆಮೇಲೆ ನನ್ನನ್ನು ನೋಡಿದರು.

ಆಮೇಲೆ ಗೊತ್ತಾದದ್ದು ಏನೆಂದರೆ, ನಾನು ಬೇಕೆಂದೇ ಸೋಮವಾರ ಇಟ್ಟಿದ್ದೇನೆ ಅಂತ ಎಲ್ಲರೂ ತಿಳಿದುಕೊಂಡಿದ್ದರು. ಶುಗರ್ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಲ್ಲ, ಹಾಗೇ ಇದಕ್ಕೂ ಖಾಲಿ ಹೊಟ್ಟೆ ಬೇಕು, ಅದಕ್ಕೇ ಸಂಚಾಲಕಿ ತಲೆ ಓಡಿಸಿ ಉಪವಾಸದ ದಿನವೇ ಹಿಡಿದಿದ್ದಾರೆ ಅಂತ ಊರಲ್ಲಿ ನನ್ನನ್ನು ಹೊಗಳಿದ್ದರಂತೆ. ಸಮಿತಿಯ ಐದೂ ಜನ, ಅಧ್ಯಕ್ಷರು, ಎಲ್ಲರೂ ಹಾಗೇ ನಂಬಿದ್ದರು. ಸೋಮವಾರ ಮಾಡದ ಮನೆಯವರು ಕೂಡ, ಕುರಿ ಅಜ್ಜನ ಮಕ್ಕಳು ಸೇರಿ, ಯಾವುದಕ್ಕೂ ಇರಲಿ ಅಂತ ಖಾಲಿ ಹೊಟ್ಟೆಯಲ್ಲೇ ಬಂದಿದ್ದರು.

ಖಾಲಿ ಹೊಟ್ಟೆಯವರಿಗೆ ಒಂದೇ ಒಂದು ಸೂಜಿಯನ್ನೂ ಚುಚ್ಚುವುದಿಲ್ಲ ಅಂದರು ಡಾಕ್ಟರು. ತಿಂದು ಒಂದು ಗಂಟೆ ಆದರೆ ಸರಿ, ಆದರೆ ಮೂರಕ್ಕೆ ಗಾಡಿ ಹೊರಡಬೇಕು ಅಂದರು. ನಾನು ಸಾಲಿನವರ ಹತ್ತಿರ ಹೋಗಿ, ಏನಾದರೂ ಸ್ವಲ್ಪ ತಿನ್ರಿ, ಒಂದು ದಿನಕ್ಕೆ ಏನೂ ಆಗಲ್ಲ ಅಂತ ಅಂಗಲಾಚಿದೆ. ಒಬ್ಬರನ್ನೊಬ್ಬರು ನೋಡಿಕೊಂಡರು. ಶ್ರಾವಣ ಸೋಮವಾರ ಹಾಡುಹಗಲೇ ನಾಲ್ಕು ಜನರ ಎದುರು ಮೊದಲು ತುತ್ತೆತ್ತುವವರು ಯಾರು. ನಿಧಾನಕ್ಕೆ ಒಬ್ಬರು ಚಪ್ಪಲಿ ಹುಡುಕತೊಡಗಿದರು, ಅವರ ಹಿಂದೆ ಇನ್ನೊಬ್ಬರು. ಅಧ್ಯಕ್ಷರು ನನ್ನ ಹತ್ತಿರ ಬಂದು, ಬ್ಯಾಡ ಬಿಡ್ರಿ, ಇನ್ನೊಂದು ದಿನ ಮಾಡಾನ ಅಂದರು. ಇನ್ನೊಂದು ದಿನ ಇಲ್ಲ ಅಂತ ನನಗೆ ಗೊತ್ತಿತ್ತು. ಭವನದ ಹಿಂದೆ ನೀರಿನ ಟ್ಯಾಂಕಿನ ಹತ್ತಿರ ಹೋಗಿ ಅತ್ತುಬಿಟ್ಟೆ. ಅಳು ಅರ್ಧ, ಸಿಟ್ಟು ಅರ್ಧ. ಆ ಹಾಳೆಯನ್ನು ನೋಡಿ ನಕ್ಕವಳು ನಾನೇ ಅಲ್ಲವಾ.

ಹತ್ತೂವರೆಗೆ ನಮ್ಮ ಅತ್ತೆ ಮಗಳನ್ನು ಎತ್ತಿಕೊಂಡು ಆಟೋದಿಂದ ಇಳಿದರು. ಮಗುವಿಗೆ ಹಾಲು ಕುಡಿಸುವ ಹೊತ್ತಿಗೆ ಕರೆದುಕೊಂಡು ಬರುವುದು ಅಂತ ಮೊದಲೇ ಮಾತಾಗಿತ್ತು. ನನ್ನ ಮುಖ ನೋಡಿ ಏನಾಯಿತು ಅಂದರು. ನಾನು ಮಗುವಿಗೆ ಹಾಲು ಕುಡಿಸುತ್ತಾ ಎಲ್ಲಾ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಗಾಡಿ ಮತ್ತೆ ಬರೋದಿಲ್ವಂತಾ ಅಂತ ಒಂದೇ ಪ್ರಶ್ನೆ ಕೇಳಿದರು. ಬರಲ್ಲ ಅಂದೆ. ಸೆರಗು ಸಿಕ್ಕಿಸಿ, ನಲ್ಲಿಯಲ್ಲಿ ಕೈ ಕಾಲು ಮುಖ ತೊಳೆದುಕೊಂಡು ಒಳಗೆ ಹೋದರು.

ಭವನದ ವೇದಿಕೆಯ ಅಂಚಿನಲ್ಲಿ, ನಮ್ಮ ಬ್ಯಾನರಿನ ಕೆಳಗೆ, ಒಂದು ಟವೆಲ್ಲು ಹಾಸಿ ಕೂತರು. ಕೊರಳಿನಿಂದ ಲಿಂಗ ತೆಗೆದು ಎಡಗೈಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದರು. ಸೋಮವಾರ ಸಂಜೆ ದೀಪ ಹಚ್ಚಿದ ಮೇಲಷ್ಟೇ ಅವರು ಹಾಗೆ ಕೂರುವುದು, ನಾಲ್ಕು ಊರಿಗೂ ಗೊತ್ತು. ಚಪ್ಪಲಿ ಹಾಕಿಕೊಂಡಿದ್ದವರು ಅಲ್ಲೇ ನಿಂತರು. ಡಾಕ್ಟರೂ ನೋಡುತ್ತಿದ್ದರು. ಪೂಜೆ ಮುಗಿಸಿ ಎದ್ದು, ಬಂದವರಿಗೆ ತಿನ್ನಲು ಏನು ಮಾಡಿದ್ದೀರಿ ಅಂತ ಟೇಲರ್ ಹುಡುಗಿಯನ್ನು ಕೇಳಿದರು. ಶಿವಮೊಗ್ಗದಿಂದ ಬಂದವರಿಗೆ ಅಂತ ಸ್ವಲ್ಪ ಉಪ್ಪಿಟ್ಟು ಮಾಡಿದ್ದೆವು. ಒಂದು ತಟ್ಟೆ ಹಾಕಿಸಿಕೊಂಡು, ಸಾಲಿನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತು ತಿನ್ನತೊಡಗಿದರು. ಮಗಳು ತೊಡೆ ಏರಿ ಅವರ ತಟ್ಟೆಗೇ ಕೈ ಹಾಕಿದಳು. ನಮ್ಮ ಮಾವನ ದಾಯಾದಿಯೊಬ್ಬರು ತಡೆಯಲಾರದೆ, ಅತ್ತಿಗೆ, ನೀವೇ ಹಿಂಗೆ ಮಾಡಿದ್ರೆ ಹೆಂಗೆ ಅಂದರು.

ಅತ್ತೆ ಬಾಯಲ್ಲಿದ್ದ ತುತ್ತು ನುಂಗಿ ಹೇಳಿದರು. "ಒಪ್ಪೊತ್ತು ಅಂದ್ರೆ ದಿನಕ್ಕೆ ಒಂದು ಹೊತ್ತು ಉಣ್ಣೋದು. ಅದು ಸಂಜೇನೇ ಆಗಬೇಕು ಅಂತ ಶಿವ ನನ್ನ ಹತ್ರ ಬಂದು ಹೇಳಿಲ್ಲಪ್ಪ. ನನ್ನ ಪೂಜೆ ಆಯ್ತು, ಇವತ್ತಿನ ಊಟಾನೂ ಆಯ್ತು. ನಿಮ್ಮದು ಯಾವಾಗ?"

ಆ ದಾಯಾದಿಯವರೇ ಮೊದಲು ನಲ್ಲಿಯ ಹತ್ತಿರ ಹೋದರು. ಆಮೇಲೆ ನೋಡಬೇಕಿತ್ತು. ಭವನದ ಗೋಡೆಯ ಉದ್ದಕ್ಕೂ ಗಂಡಸರು ಹೆಂಗಸರು ಸಾಲಾಗಿ ಕೂತು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಹೊರಗೆ ರಕ್ತನಿಧಿಯ ಗಾಡಿ ನಿಂತಿರುವಾಗ ಹಗಲು ಹನ್ನೊಂದಕ್ಕೆ ಪೂಜೆ ಮಾಡಿಕೊಂಡರು. ನನಗೆ ಅಷ್ಟು ಹೊತ್ತಿಗೆ ಹೊಸ ಫಜೀತಿ. ನಲವತ್ತು ಹೊಟ್ಟೆಗೆ ಏನು ಹಾಕುವುದು. ನೋಟ್ ಬುಕ್ ಎಲ್ಲಿ ಬಿಟ್ಟಿದ್ದೆನೋ, ಹುಡುಕಲು ಸಮಯ ಇರಲಿಲ್ಲ. ಅವಲಕ್ಕಿ ನೀ ತಾ, ಮೊಸರು ನೀವು ತರ್ರಿ, ಈರುಳ್ಳಿ ಹೆಚ್ಚೋರು ಯಾರು ಅಂತ ಕೂಗಿದೆ ಅಷ್ಟೇ. ಐದೂ ಜನ ಓಡಿದರು. ಅಧ್ಯಕ್ಷರು ಗೊಬ್ಬರದ ಅಂಗಡಿಯ ಬಾಗಿಲು ಹಾಗೇ ತೆರೆದಿಟ್ಟು ಬಂದು ಕಾಯಿ ತುರಿಯಲು ಕೂತರು. ಯಾರ ಕೈಯಿಂದಲೂ ನಾನು ಏನನ್ನೂ ಕಿತ್ತುಕೊಳ್ಳಲಿಲ್ಲ, ಕಿತ್ತುಕೊಳ್ಳಲು ನನಗೆ ಪುರುಸೊತ್ತೇ ಇರಲಿಲ್ಲ. ನಮ್ಮ ಸಮಿತಿ ಅಂತ ಒಂದು ಹುಟ್ಟಿದ್ದು ಆ ಒಲೆಯ ಮುಂದೆ ಅಂತ ನಾನು ಈಗಲೂ ಹೇಳುತ್ತೇನೆ.

ಮೂರಕ್ಕೆ ಹೊರಡಬೇಕಾದ ಗಾಡಿ ಐದರ ತನಕ ನಿಂತಿತು. ಡಾಕ್ಟರೇ ಫೋನು ಮಾಡಿ ಮೇಲಿನವರನ್ನು ಒಪ್ಪಿಸಿದರು, ನಾನು ಕೇಳಿರಲಿಲ್ಲ. ಮೂವತ್ತೊಂದು ಬಾಟಲಿ ಆಯಿತು. ಕುಸ್ತಿ ಆಳು ಕೂಡ ಬಂದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೊಟ್ಟ. ಅತ್ತೆಯೂ ಸಾಲಿನಲ್ಲಿ ನಿಂತರು. ಬೆರಳು ಚುಚ್ಚಿ ನೋಡಿದ ಡಾಕ್ಟರು, ಅಮ್ಮಾ, ನಿಮಗೇ ರಕ್ತ ಕಡಿಮೆ ಇದೆ, ನಿಮ್ಮದು ತಗೊಳ್ಳಲಿಕ್ಕೆ ಬರುವುದಿಲ್ಲ, ಊಟ ಸರಿಯಾಗಿ ಮಾಡಿ ಅಂತ ಮಾತ್ರೆ ಬರೆದುಕೊಟ್ಟರು. ಅತ್ತೆಗೆ ವಿಪರೀತ ಸಿಟ್ಟು ಬಂತು. ವ್ರತದ ಹೊತ್ತು ಬದಲಾಯಿಸಿಕೊಂಡು ಬಂದರೆ ಇವರಿಗೆ ನನ್ನದು ಬೇಡವಂತೆ ಅಂತ ಮಾತ್ರೆಯ ಚೀಟಿಯನ್ನು ಮಡಚಿ ಮಡಚಿ ಸಣ್ಣ ಉಂಡೆ ಮಾಡಿದರು. ಅವರು ಅಷ್ಟು ಬೇಜಾರು ಮಾಡಿಕೊಂಡಿದ್ದು ಯಾಕೆ ಅಂತ ನನಗೆ ಆಗ ಗೊತ್ತಾಗಲಿಲ್ಲ.

ಈಗ ನಮ್ಮೂರು ವರ್ಷದ ಪಟ್ಟಿಯಲ್ಲಿದೆ. ಶಿಬಿರ ಗುರುವಾರ ನಡೆಯುತ್ತದೆ, ಸೋಮವಾರದ ಹೆಸರೆತ್ತಿದರೆ ಎಲ್ಲರೂ ನನ್ನ ಕಡೆ ನೋಡಿ ನಗುತ್ತಾರೆ. ಭವನದ ಬಾಗಿಲಲ್ಲಿ ಅತ್ತೆಗೆ ಒಂದು ಕುರ್ಚಿ. ಒಳಗೆ ಹೋಗುವ ಪ್ರತಿಯೊಬ್ಬರನ್ನೂ ಏನು ತಿಂದಿ, ಎಷ್ಟು ರೊಟ್ಟಿ ತಿಂದಿ ಅಂತ ಕೇಳುತ್ತಾರೆ. ಎರಡು ಅಂದವರನ್ನು ಅಡುಗೆಮನೆಗೆ ಕಳಿಸಿ ಮೂರನೆಯದು ತಿನ್ನಿಸುತ್ತಾರೆ. ನನಗೂ ಒಂದು ಸಲ ಕೊಡುವ ಯೋಗ ಬಂತು, ನನ್ನನ್ನೂ ಬಾಗಿಲಲ್ಲಿ ತಡೆದು ಕೇಳಿಯೇ ಒಳಗೆ ಬಿಟ್ಟರು.

ಆದರೆ ಆ ಸೋಮವಾರದ ಸಂಜೆಯ ಮಾತೊಂದು ಬಾಕಿ ಉಳಿಯಿತು. ಮನೆಗೆ ಬಂದಾಗ ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ. ಮೂವತ್ತೊಂದು ಮೂವತ್ತೊಂದು ಅಂತ ಗಂಡನಿಗೆ ಹತ್ತು ಸಲ ಹೇಳಿದೆ. ಅತ್ತೆ ದೀಪ ಹಚ್ಚಿ, ಅನ್ನಕ್ಕಿಟ್ಟು, ಸಾರು ಕುದಿಸಿ ನಮ್ಮನ್ನು ಕರೆದರು. ತಟ್ಟೆ ಹಾಕಿದರು, ಬಡಿಸಿದರು. ನೋಡಿದರೆ ಅವರ ತಟ್ಟೆ ಇಲ್ಲ. ನೀವೂ ಕೂತ್ಕಳ್ರಿ ಅಂದೆ. ನಂದು ಆಗಿದೆಯಲ್ಲ ಅಂದರು.

ಆಗ ನನಗೆ ಹೊಳೆಯಿತು. ಅವರ ಒಂದು ಹೊತ್ತು ಅಂದರೆ ಬೆಳಗ್ಗೆ ತಿಂದ ಆ ಉಪ್ಪಿಟ್ಟು. ಅದರಲ್ಲಿ ಅರ್ಧ ನನ್ನ ಮಗಳ ಬಾಯಿಗೆ ಹೋಗಿತ್ತು. ಆಮೇಲೆ ಇಡೀ ದಿನ ಅವರಿವರಿಗೆ ಅವಲಕ್ಕಿ ಬಡಿಸಿದ್ದರು, ತಾವು ಒಂದು ಹಿಡಿ ಮುಟ್ಟಿರಲಿಲ್ಲ. ಡಾಕ್ಟರು ರಕ್ತ ಕಡಿಮೆ ಇದೆ ಅಂದಿದ್ದು ಬೇರೆ. ನನಗೆ ಸಿಟ್ಟು ಬಂತು. ಎಂಥಾ ವ್ರತ ಅತ್ತೆ ಇದು, ನೀವು ಒಂದು ತುತ್ತು ಹೆಚ್ಚು ಉಂಡರೆ ಯಾವ ಶಿವ ಬಂದು ಎಣಿಸುತ್ತಾನೆ, ಬೆಳಗ್ಗೆ ಅಷ್ಟು ಜನಕ್ಕೆ ಬುದ್ಧಿ ಹೇಳಿದೋರು ಈಗ ನೀವೇ ಯಾಕೆ ಹಟ ಮಾಡ್ತೀರಿ ಅಂತ ದನಿ ಏರಿಸಿದೆ. ಗಂಡ ನನ್ನ ಕೈ ಹಿಡಿದರು. ಅತ್ತೆ ಸಿಟ್ಟಾಗಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು.

"ಅವತ್ತು ಆಸ್ಪತ್ರೇಲಿ ನಿಂಗೆ ಎಚ್ಚರ ಇರಲಿಲ್ಲ. ಈ ಹುಡುಗಿ ಕಣ್ಣು ಬಿಟ್ಟರೆ ಬದುಕಿರೋ ತನಕ ಸೋಮವಾರ ಒಂದೇ ಹೊತ್ತು ಉಣ್ತೀನಿ ಅಂತ ಅಂದ್ಕೊಂಡಿದ್ದೆ. ನೀನು ಕಣ್ಣು ಬಿಟ್ಟೆ."

ಅಷ್ಟು ಹೇಳಿ ಮಗಳ ಬಾಯಿ ಒರೆಸಲು ತಿರುಗಿದರು. ಗಂಡನಿಗೂ ಈ ವಿಷಯ ಗೊತ್ತಿರಲಿಲ್ಲ, ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಇಷ್ಟು ಸೋಮವಾರ ಅವರು ತಟ್ಟಿಕೊಟ್ಟ ರೊಟ್ಟಿಯನ್ನು ಅವರ ಎದುರಿಗೇ ಕೂತು ತಿಂದಿದ್ದೆನಲ್ಲ. ತಟ್ಟೆ ಸರಿಸಿ ಏಳಲು ಹೋದೆ. ಹಾಲು ಕುಡಿಯೋ ಕೂಸಿದೆ, ಮುಗಿಸಿ ಏಳು ಅಂತ ಬೈದರು.

ಎದುರು ಮಾತಾಡದೆ ಕೂತು ಪೂರ್ತಿ ಉಂಡೆ.